ಹೊರೋದು ಯಾರು?

ನವೆಂಬರ್ 9, 2025, ಭಾನುವಾರ ರಾತ್ರಿ
ಕಾರ್ನರ್ ಬ್ರೂಕ್, ನ್ಯೂಫೌಂಡ್‌ಲ್ಯಾಂಡ್ ದ್ವೀಪ, ಕೆನಡಾ

ಹೆಗಲು ಇನ್ನೂ ನೋಯುತ್ತಿದೆ. ಚೀಲದ ಪಟ್ಟಿ ಒತ್ತಿದ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ರಾಯರು ಬಿಸಿನೀರಿನ ಚೀಲ ತಂದುಕೊಟ್ಟು, ಏನೂ ಹೇಳದೆ, ಆದರೆ ಎಲ್ಲ ಹೇಳಿದ ಹಾಗೆ ಮುಖ ಮಾಡಿ ಮಲಗಲು ಹೋದರು. ಫ್ರಿಜ್‌ನಲ್ಲಿ ಸ್ಟೀಲ್ ಪಾತ್ರೆಯೊಳಗೆ ಮೂಸ್ ಅನ್ನುವ ದೈತ್ಯ ಜಿಂಕೆಯ ಗುಂಡಿಗೆ ಉಪ್ಪುನೀರಿನಲ್ಲಿ ನೆನೆಯುತ್ತಿದೆ. ಸುಲಿಯದ ತೆಂಗಿನಕಾಯಿಯಷ್ಟಿದೆ. ಮೇಜಿನ ಮೇಲೆ ಹೆಬ್ಬೆರಳುದ್ದದ ಒಂದು ಕೆಂಪು ಬಾಟಲಿ. ಅದರ ವಿಷಯ ಆಮೇಲೆ.

ಮೀನಣ್ಣ ಯಾರು ಅಂತ ಮತ್ತೆ ಹೇಳುವುದಿಲ್ಲ. ಹೊಸದಾಗಿ ಓದುವವರಿಗೆ ಇಷ್ಟು ಸಾಕು: 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿತಲ್ಲ, ಅವತ್ತು ಅವನಿಗೆ 29 ವರ್ಷ, ಅಪ್ಪನ ದೋಣಿ, ಬ್ಯಾಂಕಿನ ಸಾಲ. ಈಗ 62. ಆ ಕತೆ ಇನ್ನೂ ಮುಗಿದಿಲ್ಲ, ಪ್ರತಿ ಸಲ ಟೀ ಕುಡಿಯುವಾಗ ಮೊದಲಿಂದ ಶುರುವಾಗುತ್ತದೆ. ಅದಕ್ಕೇ ಮೀನಣ್ಣ. ಅವನ ಹೆಂಡತಿ ನಮಗೆಲ್ಲ ಅತ್ತಿಗೆ. ಆಕೆಗೂ ಆ ಪದ ಇಷ್ಟ, "ಅಟ್ಟಿಗೆ" ಅಂತ ತನ್ನನ್ನೇ ಕರೆದುಕೊಳ್ಳುತ್ತಾಳೆ.

ಈ ಸಲ ಬೇಟೆ ಲೈಸೆನ್ಸಿನ ಡ್ರಾನಲ್ಲಿ ಮೀನಣ್ಣ, ನಾನು, ನಮ್ಮಿಬ್ಬರ ಹೆಸರಿಗೆ ಪಾರ್ಟಿ ಲೈಸೆನ್ಸ್ ಬಂತು. ಇಬ್ಬರು ಸೇರಿ ಒಂದೇ ಒಂದು ಮೂಸ್. ಗುರುವಾರ ಹೌಲಿವರೆಗೆ ಕಾರಲ್ಲಿ ಹೋಗಿ, ಅಲ್ಲಿಂದ ಹಳೇ ರೈಲು ದಾರಿಯ ಮೇಲೆ ನಾಲ್ಕು ಚಕ್ರದ ಕ್ವಾಡ್‌ನಲ್ಲಿ ಹೊರಟೆವು. ಇಲ್ಲಿನವರು ಅದಕ್ಕೂ ಬೈಕ್ ಅಂತಲೇ ಅನ್ನುತ್ತಾರೆ. 1988ರಲ್ಲಿ ರೈಲು ನಿಂತಿತು, ಹಳಿ ಕಿತ್ತರು, ಜಲ್ಲಿ ಉಳಿಯಿತು. ಆ ಜಲ್ಲಿಯ ಮೇಲೆ ಕುಲುಕಿ ಕುಲುಕಿ ಕ್ಯಾಬಿನ್ ಸೇರುವಷ್ಟರಲ್ಲಿ ನನ್ನ ಹಲ್ಲುಗಳೆಲ್ಲ ಜಾಗ ಬದಲಾಯಿಸಿಕೊಂಡಂತಿತ್ತು.

ಈ ದ್ವೀಪದಲ್ಲಿ ಮೊದಲು ಮೂಸ್ ಇರಲೇ ಇಲ್ಲ ಅಂತ ಎಷ್ಟು ಜನಕ್ಕೆ ಗೊತ್ತೋ. 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ನಾಲ್ಕು ತಂದು ಇದೇ ಹೌಲಿ ಹತ್ತಿರ ಬಿಟ್ಟರು. ಇಲ್ಲಿದ್ದ ತೋಳಗಳು 1930ರ ಹೊತ್ತಿಗೆ ಅಳಿದುಹೋದವು. ಕೇಳುವವರಿಲ್ಲ, ಈಗ ಲಕ್ಷದ ಆಸುಪಾಸು ಆಗಿವೆ. ರಾತ್ರಿ ಹೆದ್ದಾರಿಯಲ್ಲಿ ಕಾರು ಓಡಿಸಲು ಭಯ. "ಅವೂ ನಿನ್ನ ಥರಾನೇ ಹೊರಗಿಂದ ಬಂದವು, ಈಗ ನೋಡು ಎಲ್ಲ ಅವರದೇ" ಅಂತ ಮೀನಣ್ಣ ಪ್ರತಿ ವರ್ಷ ಅದೇ ಜೋಕ್ ಹೊಡೆಯುತ್ತಾನೆ. ನಾನೂ ಪ್ರತಿ ವರ್ಷ ನಗುತ್ತೇನೆ.

ಕೋವಿ ಅವನ ಅಪ್ಪನದು, ತ್ರೀ-ನಾಟ್-ತ್ರೀ. ನಮ್ಮ ಕಡೆ ಖಜಾನೆ ಮುಂದೆ ಪೊಲೀಸರು ಊರುಗೋಲಿನ ಥರ ಹಿಡಿದು ನಿಲ್ಲುತ್ತಿದ್ದರಲ್ಲ, ಅದೇ. ಮೊದಲ ಸಲ ನೋಡಿದಾಗ ತೀರ್ಥಹಳ್ಳಿಯಲ್ಲಿ ಕಳೆದುಹೋದ ಕೊಡೆ ಇಲ್ಲಿ ಸಿಕ್ಕ ಹಾಗಾಗಿತ್ತು. ಅಜ್ಜನ ಕಾಲದ ಶಿಕಾರಿ ಕತೆಗಳನ್ನು ಕೇಳಿ ಬೆಳೆದವಳು ನಾನು. ಪೊದೆ ಬಡಿದು ಪ್ರಾಣಿ ಎಬ್ಬಿಸಲು ಹಳು ಸೋವುವವರು, ಕೋವಿ ಹಿಡಿದು ಕಾಯಲು ಬಿಲ್ಲಿಗೆ ನಿಲ್ಲುವವರು, ಕೋವಿಗೊಂದು ಪಾಲು, ನಾಯಿಗೊಂದು ಪಾಲು. ಹೆಂಗಸರ ಪಾಲಿಗೆ ಮಸಾಲೆ ಅರೆಯುವುದು. ಕೋವಿ ಮುಟ್ಟಿದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದರು. ಇಲ್ಲಿ ಕೋರ್ಸ್ ಮಾಡಿ, ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡೆ ಅಂದಾಗ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಲ್ಲಿ ಹಂದಿ ಸಿಗುತ್ತಾ?" ಅಂತ ಕೇಳಿದರು.

ಶುಕ್ರವಾರ ಬೆಳಗ್ಗೆ ಮೈನಸ್ 6. ರಾತ್ರಿ ಬಿದ್ದ ಹಿಮದ ಮೇಲೆ ಹೆಜ್ಜೆ ಕಂಡಿತು. ಹೆಣ್ಣಿನ ಕೂಗು ಕೂಗಿ ಗಂಡನ್ನು ಕರೆಯುವ ಕಾಲ ಮುಗಿದಿದೆ, ಅದೆಲ್ಲ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆಟ. ಈಗ ಹುಡುಕಿಕೊಂಡೇ ಹೋಗಬೇಕು. ಟಕ್ ಅನ್ನುತ್ತಾರೆ ಇಲ್ಲಿ, ಗಾಳಿಗೆ ಬಾಗಿ ಬಾಗಿ ಸೊಂಟದೆತ್ತರಕ್ಕೇ ನಿಂತು ಹೆಣೆದುಕೊಂಡ ಫರ್ ಮರಗಳು. ನಮ್ಮ ಲಂಟಾನಾಗೆ ಮುಳ್ಳು ತೆಗೆದು ಹಟ ಸೇರಿಸಿದರೆ ಹೀಗೇ ಇರುತ್ತದೆ. ಅದನ್ನು ದಾಟಿದರೆ ಜೌಗು. ಜೌಗಿನ ನಡುವೆ ಒಂದು ತೊರೆ. ತೊರೆಯಾಚೆ ಮೂಸ್.

ಎಳೆಯ ಗಂಡು. ಕೊಂಬು ಇನ್ನೂ ಅಂಗೈಯಗಲ. ಗಂಟಲ ಕೆಳಗಿನ ಜೋಲು ಗಡ್ಡ ಗಾಳಿಗೆ ಅಲ್ಲಾಡುತ್ತಿತ್ತು. ನಮ್ಮ ಕಡೆಗೇ ಬರುತ್ತಿತ್ತು.

"ತಡಿ," ಅಂದ ಮೀನಣ್ಣ. "ತೊರೆ ದಾಟಲಿ."

ನಾನು ತಡೆಯಲಿಲ್ಲ. ಯಾಕೆ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಅದು ಓಡಿಹೋಗುತ್ತೆ ಅಂತ ಭಯವೇನೂ ಇರಲಿಲ್ಲ. ಗಾಳಿ ಅಲ್ಲಿಂದ ನಮ್ಮ ಕಡೆ ಬೀಸುತ್ತಿತ್ತು. ಸುಮ್ನೆ ಐದು ನಿಮಿಷ ಕೂತಿದ್ದರೆ ನಮ್ಮ ಕಾಲ ಬುಡಕ್ಕೇ ಬರುತ್ತಿತ್ತು. ಬೆರಳು ನನ್ನ ಮಾತು ಕೇಳಲಿಲ್ಲ ಅನ್ನಬಹುದು, ಆದರೆ ಅದು ಸುಳ್ಳು. ಅಜ್ಜಿ ಹೊಡೆದ ಆ ಕೈ ಅಂತಲೂ ಅನ್ನಬಹುದು, ಅದು ಕತೆ ಕಟ್ಟುವುದು. ನನಗೆ ಹೊಡೆಯಬೇಕಿತ್ತು, ಹೊಡೆದೆ. ಒಂದೇ ಗುಂಡು. ನಲವತ್ತು ಹೆಜ್ಜೆ ಓಡಿ, ಮೊಣಕಾಲೂರಿ, ಆಮೇಲೆ ನಿಧಾನಕ್ಕೆ ಪಕ್ಕಕ್ಕೆ ವಾಲಿತು.

ಮೀನಣ್ಣ ಬೈಯಲಿಲ್ಲ. ತೊರೆ ನೋಡಿದ, ಹಿಂದೆ ತಿರುಗಿ ನಾವು ಬೈಕ್ ನಿಲ್ಲಿಸಿದ ಕಡೆ ನೋಡಿದ. ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಬೈಕ್ ತೊರೆ ದಾಟುವುದಿಲ್ಲ. ಆ ಜೌಗಿಗೆ ಇಳಿಸಿದರೆ ಮುಂದಿನ ಬೇಸಿಗೆಗೇ ಸಿಗುತ್ತದೆ. ಅವನು ನನಗೆ ಮೊದಲ ವರ್ಷವೇ ಹೇಳಿಕೊಟ್ಟ ಪಾಠ ಇದು. "ಹೊಡೆಯೋದು ಸುಲಭ, ಬೈ. ಹೊರೋದು ಯಾರು?" ಇಲ್ಲಿನವರ "ಬೈ" ಅಂದರೆ ನಮ್ಮ "ಮಾರಾಯ" ಇದ್ದ ಹಾಗೆ. ಈ ಸಲ ಅದನ್ನು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಹೊಟ್ಟೆ ಸೀಳಿದಾಗ ಎದ್ದ ಹಬೆಯಲ್ಲಿ ಅವನ ಮುಖ ಕಾಣಲಿಲ್ಲ. ಗ್ಲೌಸ್ ತೆಗೆದು ಮೊಣಕೈವರೆಗೆ ಒಳಗೆ ಹಾಕಿದೆ. ಮರಗಟ್ಟಿದ ಬೆರಳಿಗೆ ಜೀವ ಬಂತು. ಅಂಥ ಬೆಚ್ಚಗೆ. ನಾಚಿಕೆಯಾಗುವಷ್ಟು ಸುಖ ಅನ್ನಿಸಿತು. ಶ್ವಾಸನಾಳ ಕತ್ತಿನ ಹತ್ತಿರ ಕೊಯ್ದು ಎಳೆದರೆ ಎಲ್ಲ ಒಟ್ಟಿಗೆ ಜಾರಿ ಬರುತ್ತದೆ, ಆದರೆ ಜಠರದ ಚೀಲಕ್ಕೆ ಚಾಕು ತಾಗಬಾರದು. ತಾಗಿದರೆ ಆ ವಾಸನೆ ಮಾಂಸಕ್ಕೆ ಹತ್ತುತ್ತದೆ. ಲಿವರ್ ಅಲ್ಲೇ ಬಿಟ್ಟೆವು. ಮೂಸ್‌ನ ಲಿವರ್, ಕಿಡ್ನಿಯಲ್ಲಿ ಕ್ಯಾಡ್ಮಿಯಂ ಸೇರಿಕೊಂಡಿರುತ್ತೆ, ತಿನ್ನಬೇಡಿ ಅಂತ ಇಲ್ಲಿ ಎಚ್ಚರಿಕೆ ಇದೆ. ನರಿ, ಕಾಗೆಗಳಿಗೆ ಅದನ್ನು ಯಾರೂ ಹೇಳಿಲ್ಲ. ಗುಂಡಿಗೆ ತೆಗೆದು ಹಿಮದ ಮೇಲಿಟ್ಟು "ನಿಂದು" ಅಂದ. ನಾಲ್ಕು ಭಾಗ ಮಾಡಿ ಒಂದೊಂದಕ್ಕೂ ಲೈಸೆನ್ಸ್ ಜೊತೆ ಬಂದ ಟ್ಯಾಗ್ ಹಾಕಿದೆವು. ಕ್ಲಿಕ್ ಅಂತ ಲಾಕ್ ಆಗುವ ಸದ್ದು ಆ ಬಯಲಿನಲ್ಲಿ ಎಷ್ಟು ಜೋರಾಗಿ ಕೇಳಿತು.

ಹಿಂದಿನ ಕಾಲಿನ ಭಾಗ 45 ಕೆಜಿ ಆದರೂ ಇತ್ತು. ಅದನ್ನು ಅವನು ಹೊತ್ತ, ಮುಂದಿನದು ನಾನು. ತೊರೆ ದಾಟಿದೆವು, ನೀರು ಮಂಡಿಯವರೆಗೆ. ಆಮೇಲೆ ಜೌಗು. ಪ್ರತಿ ಹೆಜ್ಜೆಯನ್ನೂ ನೆಲದಿಂದ ಸಾಲ ಕೇಳಿ ವಾಪಸ್ ತಗೊಂಡ ಹಾಗೆ. ನಾನು ಮುಂದಿದ್ದೆ. ಹಿಂದಿನ ಪಚ್ ಪಚ್ ಸದ್ದು ನಿಂತಾಗ ತಿರುಗಿ ನೋಡಿದೆ.

ಹೊರೆ ಬೆನ್ನಿಗಿದ್ದ ಹಾಗೇ ಕುಕ್ಕರಿಸಿದ್ದ. ಮುಖ ಬೂದಿ ಬಣ್ಣ. ಜಾಕೆಟ್ಟಿನ ಒಳಜೇಬಿನಿಂದ ಏನೋ ತೆಗೆದ, ನಾಲಿಗೆ ಎತ್ತಿದ, ಚಸ್ ಅಂತ ಒಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

"ಏನದು?"

"ಬಾಯಿ ವಾಸನೆಗೆ," ಅಂದ.

ಮೂಸ್ ಎದುರು ಬಾಯಿ ವಾಸನೆ! ನಗು ಬಂತು ನಿಜವಾಗಲೂ. ಆಮೇಲೆ ಆ ನಾಲಿಗೆ ಎತ್ತಿದ ರೀತಿ ಕಣ್ಣಿಗೆ ಕಟ್ಟಿತು. ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಶರ್ಟಿನ ಜೇಬಿನಲ್ಲಿ ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡು ಓಡಾಡುತ್ತಾರೆ. ತೋಟದ ದರೆ ಹತ್ತುವಾಗ ಒಂದು ಸಲ ಹೀಗೇ ನಿಂತು, ನಾಲಿಗೆ ಎತ್ತಿ, ಮಾತ್ರೆ ಇಟ್ಟುಕೊಂಡು, ನನ್ನ ಕಡೆ ತಿರುಗಿ "ಅಡಿಕೆ ಚೂರು" ಅಂದಿದ್ದರು. ಈ ಗಂಡಸರು ಎಲ್ಲಿ ಹೋಗಿ ಕಲಿಯುತ್ತಾರೋ ಈ ಥರ ಸುಳ್ಳನ್ನ.

ಉಳಿದದ್ದನ್ನು ನಾನೇ ಎಳೆದೆ. ಪ್ಲಾಸ್ಟಿಕ್ ಸ್ಲೆಡ್ ಇತ್ತು, ತೆಳು ಹಿಮ, ಅರ್ಧ ಜಾರಿತು ಅರ್ಧ ಸಿಕ್ಕಿಕೊಂಡಿತು. ಮೂರು ಸಲ ಹೋಗಿ ಬಂದೆ. ಮಧ್ಯಾಹ್ನ ಹೋಗಿದ್ದು ಗೊತ್ತಾಗಲಿಲ್ಲ. ಕೊನೇ ಸಲ ಬರುವಾಗ ಐದು ಗಂಟೆ, ಸೂರ್ಯ ಆಗಲೇ ಮುಳುಗಿದ್ದ, ಅವನು ಬೈಕ್ ಪಕ್ಕ ಬೆಂಕಿ ಮಾಡಿ ಕೆಟಲ್ ಇಟ್ಟಿದ್ದ. ಬಾಯ್ಲ್-ಅಪ್ ಇಲ್ಲದೆ ಈ ಜನರಿಗೆ ಕಾಡು ಕಾಡಲ್ಲ. ಡಬ್ಬಿ ಹಾಲು ಹಾಕಿದ ಕಡು ಟೀ, ಸುಟ್ಟ ಬೊಲೋನಿ.

"ಹೇಗಿದ್ದೀಯ?"

"ಬೆಸ್ಟ್ ಕೈಂಡ್."

ಇದು ಇಲ್ಲಿನವರ ಉತ್ತರ. ಕಾಲು ಮುರಿದರೂ ಬೆಸ್ಟ್ ಕೈಂಡ್, ಮನೆ ಸುಟ್ಟರೂ ಬೆಸ್ಟ್ ಕೈಂಡ್.

"ಎಷ್ಟು ದಿನದಿಂದ?"

ಬೆಂಕಿಗೆ ಕಡ್ಡಿ ಹಾಕಿದ. "ಈಸ್ಟರ್‌ನಿಂದ."

"ಅತ್ತಿಗೆಗೆ?"

"ಅವಳಿಗೆ ಹೇಳಿದರೆ ಕ್ಯಾಬಿನ್ ಮಾರಿಸ್ತಾಳೆ. ಬೈಕ್ ಮಾರಿಸ್ತಾಳೆ. ಆಮೇಲೆ ನಾನು ಕಿಟಕಿ ಪಕ್ಕ ಕೂತು ಹಡಗು ಎಣಿಸ್ತಾ ಇರಬೇಕು. ದೋಣಿ ಅವರು ಬಿಡಿಸಿದರು. ಇದನ್ನೂ ನಾನೇ ಬಿಡಬೇಕಾ?" ಟೀ ಚೆಲ್ಲಿದ. "ನೀನು ಹೇಳಬೇಡ."

ನಾನು ಆಯಿತು ಅಂದೆ. ನಾನೇ ಅಲ್ಲವಾ ತೊರೆಯಾಚೆ ಹೊಡೆದವಳು. ಬೇಡ ಅನ್ನುವ ಮುಖ ನನಗೆಲ್ಲಿತ್ತು?

ಶನಿವಾರ ವಾಪಸ್. ಮಾಂಸ ಅವನ ಶೆಡ್‌ನಲ್ಲಿ ತೂಗುತ್ತಿದೆ, ಒಂದು ವಾರ ಹದವಾಗಬೇಕು. ಆಮೇಲೆ ಅತ್ತಿಗೆ ಜಾಡಿಗಳಿಗೆ ತುಂಬಿ ಕುದಿಸುತ್ತಾಳೆ, ನಾನು ನನ್ನ ಪಾಲಿಗೆ ಧನಿಯಾ ಮೆಣಸು ಹುರಿಯುತ್ತೇನೆ.

ಇವತ್ತು ಸಂಜೆ ಆರಕ್ಕೆ ಅತ್ತಿಗೆ ಬಂದಳು, ಪಾರ್ಟ್ರಿಡ್ಜ್‌ಬೆರಿ ಜಾಮ್ ಹಿಡಿದುಕೊಂಡು. ಅವನ ಹಳೇ ಜಾಕೆಟ್ ನಿನ್ನ ಕಾರಲ್ಲಿ ಉಳಿದಿದೆಯಂತೆ, ಒಗೆಯಬೇಕು ಅಂದಳು. ರಕ್ತ ಹತ್ತಿತ್ತಲ್ಲ.

ತರ್ತೀನಿ ಇರಿ ಅಂತ ನಾನೇ ಕಾರಿನ ಹತ್ತಿರ ಹೋದೆ. ಜೇಬು ತಡಕಿದೆ. ಬಾಟಲಿ ಅಲ್ಲೇ ಇತ್ತು. ಒಗೆಯುವ ಮೊದಲು ಯಾವ ಹೆಂಗಸು ಜೇಬು ನೋಡುವುದಿಲ್ಲ? ತೆಗೆದು ನನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಎಂಥ ಜಾಣತನ ಅಂತ ನನಗೇ ಅನ್ನಿಸಿತು.

ಜಾಕೆಟ್ ತೊಡೆಯ ಮೇಲೆ ಮಡಿಸುತ್ತ ಅತ್ತಿಗೆ ಕೇಳಿದಳು, "ಅವನು ಜಾಸ್ತಿ ಹೊತ್ತನಾ?"

"ಇಲ್ಲ, ನಾನೇ ಜಾಸ್ತಿ ಹೊತ್ತೆ."

ಸುಳ್ಳಲ್ಲ. ಹೆಗಲು ತೋರಿಸಿದೆ ಬೇರೆ. ಆಕೆ ನೋಡಿದಳು, ಆದರೆ ಹೆಗಲನ್ನಲ್ಲ. "ಅವನು ಯಾವತ್ತೂ ಬೇರೆಯವರಿಗೆ ಹೊರಲು ಬಿಟ್ಟವನಲ್ಲ," ಅಂದಳು. ಅಷ್ಟೇ. ಜಾಮ್ ಎಲ್ಲಿಡಲಿ ಅಂತ ಕೇಳಿದಳು.

ಕನ್ನಡದಲ್ಲಿ ಬರೆದರೆ ಅವರಿಬ್ಬರಿಗೂ ಗೊತ್ತಾಗುವುದಿಲ್ಲ ಅನ್ನೋ ಧೈರ್ಯದಲ್ಲಿ ಇದನ್ನೆಲ್ಲ ಬರೆಯುತ್ತಿದ್ದೇನೆ. ಗೂಗಲ್ ಟ್ರಾನ್ಸ್‌ಲೇಟ್ ಒಂದಿದೆ, ಇರಲಿ. ಅದು ಮೀನಣ್ಣನನ್ನು ಏನು ಮಾಡುತ್ತೋ ನೋಡಬೇಕು.

ಒಂಬತ್ತು ಗಂಟೆ. ಊರಲ್ಲಿ ಬೆಳಗ್ಗೆ ಆರು. ಇಲ್ಲಿಯೂ ಅರ್ಧ ಗಂಟೆಯ ಗಡಿಯಾರ, ಅಲ್ಲಿಯೂ ಅರ್ಧ ಗಂಟೆಯದು, ಹಾಗಾಗಿ ಚಳಿಗಾಲದಲ್ಲಿ ಸರಿಯಾಗಿ ಒಂಬತ್ತು ಗಂಟೆ ವ್ಯತ್ಯಾಸ, ಲೆಕ್ಕ ಸುಲಭ. ಅಪ್ಪ ಕಾಫಿ ಕುಡಿದು ತೋಟಕ್ಕೆ ಹೊರಟಿರುತ್ತಾರೆ, ಅಡಿಕೆ ಕೊನೆ ಕೊಯ್ಲು ಶುರುವಾಗಿದೆ. ಫೋನ್ ಮಾಡಿ, ಜೇಬಿನಲ್ಲಿ ಮಾತ್ರೆ ಇದೆಯಾ ನೋಡಿಕೊಳ್ಳಿ ಅಂತ ಹೇಳಬೇಕು ಅಂದುಕೊಂಡೆ. ಇದೆ ಮಾರಾಯ್ತಿ ಅಂತಾರೆ, ಇಲ್ಲದಿದ್ದರೂ. ಇಲ್ಲದಿದ್ದರೆ

ಅಯ್ಯೋ. ಮೀನಣ್ಣನದು ಇಲ್ಲಿದೆಯಲ್ಲ. ನನ್ನ ಮೇಜಿನ ಮೇಲೆ. ಮೂರು ಗಂಟೆಯಿಂದ ನನ್ನ ಹತ್ತಿರ. ಮನೆಯಲ್ಲಿ ಇನ್ನೊಂದು ಇಟ್ಟಿರಬಹುದು. ಅತ್ತಿಗೆಗೆ ಕಾಣದ ಹಾಗೆ ಎಲ್ಲಿ ಇಟ್ಟಿರುತ್ತಾನೆ? ಫೋನ್ ಮಾಡಿದರೆ ಎತ್ತುವುದು ಆಕೆಯೇ. ಈ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ ಏನಂತ ಹೇಳಲಿ, ಬಾಯಿ ವಾಸನೆಗೆ ಅಂತಲಾ?

ಪೋಸ್ಟ್ ಒತ್ತಿ ಹೊರಡುತ್ತಿದ್ದೇನೆ. ಕಾರಿನ ಕೀ ಎಲ್ಲಿಟ್ಟೆ