ಹೊಟ್ಟೆಗಿಳಿದ ಉಸಿರು

ಸುಮ್ಮನೆ ನಿಲ್ಲುವುದೂ ಒಂದು ಕಸರತ್ತು ಅಂತ ಮೊದಲೇ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಛಿಗಾಂಗ್ ಅನ್ನುವ ಚೀನೀ ಉಸಿರಾಟ-ವ್ಯಾಯಾಮ ಪದ್ಧತಿಯಲ್ಲಿ ಬರುವ ಜಾನ್ ಜುವಾಂಗ್, ಅಂದರೆ ಕಂಬದ ಹಾಗೆ ಅಲುಗಾಡದೆ ನಿಲ್ಲುವುದು, ಶುರುಮಾಡಿದ ಮೇಲೆ ತೊಡೆಗಳೇ ಗಡಗಡ! ಮಂಡಿ ತುಸು ಸಡಿಲ, ಮರ ತಬ್ಬಿದ ಹಾಗೆ ಕೈ ದುಂಡಗೆ, ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ. ಗಮನವೆಲ್ಲ ಹೊಕ್ಕುಳಿನ ಕೆಳಗೆ, ಚೀನಾದ ತಾವೋ ಪಂಥದ ಸಾಧಕರು ದಾನ್‌ಟಿಯನ್ ಅನ್ನುವ ಜಾಗದಲ್ಲಿ.

ಮೊದಮೊದಲು ಭುಜ ಮೇಲೇರುತ್ತೆ, ಎದೆ ಉಬ್ಬುತ್ತೆ, ಉಸಿರು ಕೆಳಗಿಳಿಯಲ್ಲ ಅಂತ ಹಟ ಹಿಡಿಯುತ್ತೆ. ಎಳೆದು ಇಳಿಸಹೋದರೆ ತಲೆಭಾರ. ಅದರ ಪಾಡಿಗೆ ಬಿಟ್ಟರೆ ತಾನಾಗಿ ಇಳಿದು, ಪಕ್ಕೆ, ಸೊಂಟದ ಹಿಂಭಾಗ ಎಲ್ಲ ಮೆಲ್ಲಗೆ ಅಗಲವಾಗುತ್ತವೆ. ಅಂಗೈ ಬೆಚ್ಚಗಾಗಿ ಬೆರಳ ತುದಿ ಜುಮ್ಮೆನ್ನುತ್ತೆ. ಇದೇ 'ಛಿ', ಅಂದರೆ ಪ್ರಾಣಶಕ್ತಿ, ಅಂತ ಕೆಲವರು ಸಂಭ್ರಮಿಸುತ್ತಾರೆ. ನನಗೆ ಅಷ್ಟು ಅವಸರವಿಲ್ಲ. ನಿಧಾನವಾಗಿ ಉಸಿರು ಬಿಟ್ಟಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಎದೆಬಡಿತವನ್ನು ತಗ್ಗಿಸುತ್ತೆ, ಅರ್ಧ ಕಥೆ ಅಲ್ಲೇ ಇದೆ. ಉಳಿದರ್ಧಕ್ಕೆ ಹೆಸರಿಡುವ ಗೋಜಿಗೆ ಹೋಗಿಲ್ಲ.

ಚೀನಾದ ಚಾಂಗ್‌ಶಾ ಊರಿನ ಮವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರ ಗೋರಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲಿನ ಚಿತ್ರವೊಂದು ಸಿಕ್ಕಿತ್ತು: ವ್ಯಾಯಾಮದ ಭಂಗಿಗಳಲ್ಲಿ ನಿಂತ 44 ಜನ. ಗಂಡಸರು, ಹೆಂಗಸರು, ಎಳೆಯರು, ವಯಸ್ಸಾದವರು. ಸಿದ್ಧಪುರುಷರ ಗತ್ತಿಲ್ಲ, ಮೈ ಬಗ್ಗಿಸುತ್ತಿರುವ ಸಾಮಾನ್ಯ ಜನ. ಅದು ನನಗೆ ಬಹಳ ಹಿಡಿಸಿತು.

ಅಧ್ಯಾತ್ಮದಲ್ಲಿ ಎಲ್ಲಿಗೆ ಮುಟ್ಟಿದೆ ಅಂತ ಮಾತ್ರ ಕೇಳಬೇಡಿ. ಸಿಟ್ಟು ಬಂದಾಗ ಉಸಿರು ಎದೆಗೆ ಓಡಿಹೋಗುವುದು ಈಗ ಗೊತ್ತಾಗುತ್ತೆ. ಸಿಟ್ಟು ಬರೋದು ಬರುತ್ತಲೇ ಇದೆ.