ಇಪ್ಪತ್ತು ದಿನ ಕಾಯಬಹುದಿತ್ತಾ?

2022ರ ಸೆಪ್ಟೆಂಬರ್ 10, ಶನಿವಾರ. ಮಧ್ಯಾಹ್ನ ಊಟ ಮಾಡಿ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ನಿವೃತ್ತ ಶಾಲಾ ಟೀಚರ್ ಅವರು. ನಮ್ಮ ಮಗಳು ಸಣ್ಣವಳಿದ್ದಾಗಿಂದ ಅವರನ್ನು ಅಜ್ಜಿ ಅಂತಲೇ ಕರೆಯುತ್ತಾಳೆ, ಹಾಗಾಗಿ ನಮಗೂ ಅಜ್ಜಿಯೇ. "ನಮ್ಮ ಯಜಮಾನರಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ಟಿಕೆಟ್ ಇದೆ, ಬರ್ತೀಯಾ?" ಅಂದರು. ಕೈ ಒರೆಸಿಕೊಂಡು ಕೆಂಪು ಅಂಗಿ ಹುಡುಕಲು ಹೊರಟೆ.

ನೆಬ್ರಾಸ್ಕಾದ ಲಿಂಕನ್‌ನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ರಾಜ್ಯದಲ್ಲಿ ಎನ್‌ಎಫ್‌ಎಲ್, ಅಂದರೆ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ತಂಡವಿಲ್ಲ. ಇರುವ ದೊಡ್ಡ ತಂಡ ವಿಶ್ವವಿದ್ಯಾಲಯದ ಹುಡುಗರದ್ದು ಒಂದೇ, ಹಸ್ಕರ್ಸ್. ಮೆಮೋರಿಯಲ್ ಸ್ಟೇಡಿಯಂನಲ್ಲಿ 85,000ಕ್ಕೂ ಜಾಸ್ತಿ ಜನ ಕೂರುತ್ತಾರೆ. 1962ರ ನವೆಂಬರ್‌ನಿಂದ ಅಲ್ಲಿ ಟಿಕೆಟ್ ಪೂರ್ತಿ ಮಾರಾಟವಾಗದ ಪಂದ್ಯವೇ ಇಲ್ಲ. ಪಂದ್ಯದ ದಿನ ನಮ್ಮೂರು ಸಾಗರದ ಮಾರಿಕಾಂಬಾ ಜಾತ್ರೆ ನೆನಪಾಗುತ್ತದೆ ನನಗೆ. ರೈತರು, ಡಾಕ್ಟರು, ಅಂಗಡಿಯವರು, ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಾತಂದಿರು, ಎಲ್ಲರೂ ಒಂದೇ ಬಣ್ಣದಲ್ಲಿ ಒಂದೇ ದಿಕ್ಕಿಗೆ ನಡೆಯುತ್ತಿರುತ್ತಾರೆ. ಅಜ್ಜಿಯ ಮನೆಯವರು ಎರಡು ತಲೆಮಾರಿನಿಂದ ಅದೇ ಎರಡು ಸೀಟಿನಲ್ಲಿ ಕೂರುತ್ತಾ ಬಂದಿದ್ದಾರೆ.

ಆದರೆ ಆ ದಿನ ದಾರಿಯುದ್ದಕ್ಕೂ ಒಂದೇ ಮಾತು. ಹೆಡ್ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ತೆಗೆಯಬೇಕೇ, ಬೇಡವೇ?

ಫ್ರಾಸ್ಟ್ ಹೊರಗಿನವರಲ್ಲ. ಹುಟ್ಟಿದ್ದು ಲಿಂಕನ್‌ನಲ್ಲೇ. 1997ರಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಹಂಚಿಕೊಂಡ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಅವರೇ. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡ ಅವರ ಕೈಯಲ್ಲಿ ಎಲ್ಲಾ ಪಂದ್ಯ ಗೆದ್ದಿತ್ತು. ಆ ಡಿಸೆಂಬರ್‌ನಲ್ಲಿ ಅವರು ಇಲ್ಲಿಗೆ ಬರುತ್ತಾರೆ ಎಂದಾಗ ಊರಿನಲ್ಲಿ ಇದ್ದ ಖುಷಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ದೂರ ಹೋದ ಮಗ ಮನೆಗೆ ವಾಪಸ್ ಬಂದ ಹಾಗಿತ್ತು. ಆಮೇಲೆ ನಡೆದದ್ದು ಇಷ್ಟು: ಮೊದಲ ವರ್ಷ 4 ಗೆಲುವು, ನಂತರ 5, ನಂತರ 3, ಮತ್ತೆ 3. ಸೋಲುಗಳು 8, 7, 5, 9.

ನಾನು ಅವರ ಪರ ಇದ್ದೆ. ಕಾರಿನಲ್ಲಿ ಅಜ್ಜಿಗೆ ಅದನ್ನೇ ಹೇಳಿದೆ. ನನ್ನದು ವಿಮೆ ಕಂಪನಿಯಲ್ಲಿ ಅಂಕಿ ಅಂಶ ನೋಡುವ ಕೆಲಸ. 2021ರ ಒಂಬತ್ತು ಸೋಲುಗಳಲ್ಲಿ ಒಂದೂ ಹತ್ತು ಅಂಕದ ಅಂತರ ಮುಟ್ಟಿರಲಿಲ್ಲ. ಇಡೀ ವರ್ಷದ ಅಂಕ ಕೂಡಿದರೆ ಎದುರಾಳಿಗಳಿಗಿಂತ ನಮ್ಮದೇ ಜಾಸ್ತಿ. ಇಷ್ಟು ಸಣ್ಣ ಅಂತರದ ಪಂದ್ಯ ನಾಣ್ಯ ಚಿಮ್ಮಿದ ಹಾಗೆ, ಈ ವರ್ಷ ಆ ಕಡೆ ಬಿದ್ದರೆ ಮುಂದಿನ ವರ್ಷ ಈ ಕಡೆ ಬೀಳುತ್ತದೆ ಎಂದು ನಾನು ನಂಬಿದ್ದೆ. ಸುಮ್ನೆ ಹೇಳಿದ ಮಾತಲ್ಲ ಅದು. ಆಫೀಸಿನಲ್ಲೂ ಇದಕ್ಕಾಗಿ ವಾದ ಮಾಡಿದ್ದೆ.

ಅಜ್ಜಿಗೆ ನನ್ನ ನಾಣ್ಯದ ಮಾತು ರುಚಿಸಲಿಲ್ಲ. "ಡಬ್ಲಿನ್‌ನಲ್ಲಿ ಆಗಿದ್ದೂ ನಾಣ್ಯವೇನಾ?" ಅಂದರು. ಎರಡು ವಾರದ ಹಿಂದೆ ಐರ್ಲೆಂಡ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ನಾವು 28-17ರಿಂದ ಮುಂದಿದ್ದೆವು. ಆಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಆಡಿಸಿದರು. ಚೆಂಡನ್ನು ದೂರ ಒದೆಯುವ ಬದಲು ಹತ್ತಿರವೇ ಒದ್ದು ತಾವೇ ಹಿಡಿಯುವ ಆಟ ಅದು. ಸಾಮಾನ್ಯವಾಗಿ ಹಿಂದೆ ಬಿದ್ದು ಬೇರೆ ದಾರಿ ಇಲ್ಲದ ತಂಡ ಮಾಡುವ ಕೆಲಸ. ಚೆಂಡು ಎದುರಾಳಿಗಳ ಕೈಗೆ ಹೋಯಿತು, ಪಂದ್ಯ 31-28ಕ್ಕೆ ಹೋಯಿತು.

ಅಂದಿನ ಎದುರಾಳಿ ಜಾರ್ಜಿಯಾ ಸದರ್ನ್. ದೊಡ್ಡ ತಂಡಗಳು ಸೀಸನ್ ಶುರುವಿನಲ್ಲಿ ದುಡ್ಡು ಕೊಟ್ಟು ಇಂಥ ಸಣ್ಣ ತಂಡಗಳನ್ನು ಕರೆಸುತ್ತವೆ, ಗೆಲುವು ಖಾತ್ರಿ ಎನ್ನುವ ಲೆಕ್ಕದಲ್ಲಿ. ಅವರ ಕೋಚ್ ಕ್ಲೇ ಹೆಲ್ಟನ್. ಸರಿಯಾಗಿ ಒಂದು ವರ್ಷದ ಹಿಂದೆ, ಇದೇ ಸೆಪ್ಟೆಂಬರ್‌ನಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡೇ ಪಂದ್ಯಕ್ಕೆ ಮನೆಗೆ ಕಳಿಸಿದ ಮನುಷ್ಯ. ಆ ಸಂಜೆ ಅವರು ಎದುರಿನ ಗೆರೆಯ ಪಕ್ಕ ನೆಮ್ಮದಿಯಾಗಿ ನಿಂತಿದ್ದರು. ಕೆಲಸ ಹೋದರೆ ಬದುಕು ಮುಗಿಯುವುದಿಲ್ಲ ಎನ್ನುವುದನ್ನು ಅವರನ್ನು ನೋಡಿಯೇ ನಂಬಬೇಕು.

ಪಂದ್ಯವನ್ನು ಪೂರ್ತಿ ವಿವರಿಸುವ ಮನಸ್ಸಿಲ್ಲ. ಅವರು ಓಡಿದ್ದೇ ದಾರಿ, ಎಸೆದದ್ದೇ ಗುರಿ. 642 ಗಜ ಮುಂದೆ ಸಾಗಿದರು ನಮ್ಮ ಮೈದಾನದಲ್ಲಿ! ಕೊನೆಗೆ ಮೂರು ನಿಮಿಷ ಇರುವಾಗ ನಾವು 42-38ಕ್ಕೆ ಮುಂದೆ ಬಂದೆವು. ಜನ ಎದ್ದು ಕೂಗಿದರು, ನಾನೂ ಕೂಗಿದೆ. ಅಜ್ಜಿ ಕೂಗಲಿಲ್ಲ. ಗಡಿಯಾರ ನೋಡುತ್ತಾ "ಸಮಯ ಜಾಸ್ತಿ ಉಳೀತು" ಅಂದರು. 36 ಸೆಕೆಂಡ್ ಇದ್ದಾಗ ಅವರ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ತಾನೇ ಒಳಗೆ ನುಗ್ಗಿದ. 45-42. ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವ ನಮ್ಮ ಕೊನೆಯ ಯತ್ನ, 52 ಗಜದ ಫೀಲ್ಡ್ ಗೋಲ್, ತಪ್ಪಿತು. 35 ಅಂಕ ದಾಟಿದ ಮೇಲೆ ಈ ಮೈದಾನದಲ್ಲಿ ನಮ್ಮ ತಂಡ ಅದುವರೆಗೆ ಒಮ್ಮೆಯೂ ಸೋತಿರಲಿಲ್ಲ.

ಸುತ್ತ ಛೀ ಥೂ ಶುರುವಾಯಿತು. ಇಂಥ ಹೊತ್ತಿನಲ್ಲೂ ಅಜ್ಜಿ ಎದ್ದು ನಿಂತು ಜಾರ್ಜಿಯಾದ ಹುಡುಗರಿಗೆ ಚಪ್ಪಾಳೆ ತಟ್ಟಿದರು. ಎದುರು ತಂಡವನ್ನು ಚಪ್ಪಾಳೆ ತಟ್ಟಿ ಕಳಿಸುವುದು ಈ ಊರಿನ ಹಳೇ ಪದ್ಧತಿ. ನಾನೂ ಎದ್ದೆ. ನಮ್ಮ ಹುಡುಗರು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ಅವರ ಕಡೆ ಕೈ ತೋರಿಸಿ ಅಜ್ಜಿ ಹೇಳಿದರು: "ನಾಲ್ಕು ವರ್ಷದ ಹಿಂದೆ ಬಂದ ಮಕ್ಕಳಿದ್ದಾರೆ ಅಲ್ಲಿ. ಗೆಲುವು ಜಾಸ್ತಿ, ಸೋಲು ಕಡಿಮೆ ಇದ್ದ ಒಂದು ವರ್ಷವನ್ನೂ ಅವರು ನೋಡಿಲ್ಲ. ಕೋಚ್‌ಗೆ ಇನ್ನೊಂದು ಅವಕಾಶ ಸಿಗುತ್ತೆ. ಇವರಿಗೆ?"

ನನ್ನ ಬಳಿ ಉತ್ತರ ಇರಲಿಲ್ಲ. ಆದರೂ ಕಾರಿನಲ್ಲಿ ಇನ್ನೊಂದು ಮಾತು ಹೇಳಿದೆ. ಹಿಂದಿನ ನವೆಂಬರ್‌ನಲ್ಲಿ ಕಾಂಟ್ರಾಕ್ಟ್ ತಿದ್ದಿದ್ದರು. ವರ್ಷದ ಸಂಬಳ 50 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿದಿತ್ತು. ಅಕ್ಟೋಬರ್ 1ರ ಒಳಗೆ ತೆಗೆದರೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರ್. ಅದಾದ ಮೇಲೆ ತೆಗೆದರೆ ಅದರಲ್ಲಿ ಅರ್ಧ. ಕಾಯಬೇಕಾದದ್ದು ಮೂರೇ ವಾರ. ತೆಗೆಯುವುದೇ ಆದರೆ ಆಗ ತೆಗೆಯಲಿ, 75 ಲಕ್ಷ ಡಾಲರ್ ಉಳಿಯುತ್ತಲ್ಲ ಅಂದೆ. ಇದು ತೆರಿಗೆ ಹಣವಲ್ಲ, ಟಿಕೆಟ್, ಟಿವಿ, ದಾನಿಗಳಿಂದ ಬರುವ ಹಣ. ಆದರೂ ದುಡ್ಡು ದುಡ್ಡೇ ಅಲ್ವಾ?

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು 2003ರ ಕತೆ ತೆಗೆದರು. ಫ್ರಾಂಕ್ ಸೋಲಿಚ್ ಎಂಬ ಕೋಚ್ ಆ ವರ್ಷ 9 ಗೆದ್ದು 3 ಸೋತಿದ್ದರು. ಅಷ್ಟಕ್ಕೇ ತೆಗೆದರು. "ಆಗ ನಾನೂ ತೆಗೀರಿ ಅಂದವಳೇ. ಒಂಬತ್ತು ಗೆಲುವು ನಮಗೆ ಸಾಲದಾಗಿತ್ತು. ಅದು ದುರಾಸೆ. ಅದಕ್ಕೆ ಈಗಲೂ ಬೆಲೆ ತೆರುತ್ತಿದ್ದೇವೆ." ಮುಂದಿನ ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ, 1961ರ ನಂತರ ಮೊದಲ ಬಾರಿಗೆ. ಅಲ್ಲಿಂದ ಫ್ರಾಸ್ಟ್ ನಾಲ್ಕನೆಯ ಕೋಚ್. "ಆ ತಪ್ಪು ಮಾಡಿದ್ದಕ್ಕೇ ಇವನ ವಿಷಯದಲ್ಲಿ ಬಾಯಿ ಮುಚ್ಕೊಂಡಿದ್ದೆ" ಅಂದರು. ಇಷ್ಟು ಹೇಳುವಾಗ ಅವರ ದನಿ ನಡುಗಿತು. ನಾನು ರೇಡಿಯೋ ಆರಿಸಿದೆ.

ಮನೆಗೆ ಬಂದರೆ ನಿದ್ದೆ ಇಲ್ಲ. ಊಟದ ಮೇಜಿನ ಮೇಲೆ ಮಗಳ ನೋಟ್‌ಬುಕ್ ಇತ್ತು. ಹಿಂದಿನ ಹಾಳೆಯಲ್ಲಿ ಬರೆಯಲು ಶುರು ಮಾಡಿದೆ. ಎಂಟು ಅಂಕದೊಳಗೆ ಮುಗಿದ ಪಂದ್ಯಗಳು, ಅಂದರೆ ಒಂದೇ ಟಚ್‌ಡೌನ್‌ನಲ್ಲಿ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು, ಹೆಚ್ಚೆಂದರೆ ಎಂಟು ಅಂಕ) ಈ ಕಡೆ ಆ ಕಡೆ ಆಗಬಹುದಾಗಿದ್ದ ಪಂದ್ಯಗಳು. ಫ್ರಾಸ್ಟ್ ಬಂದಾಗಿಂದ ಅಂಥವು 27. ಗೆದ್ದದ್ದು 5, ಸೋತದ್ದು 22. ನಾನು ಹೇಳುತ್ತಿದ್ದ ನಾಣ್ಯವನ್ನೇ ಕೊನೆಗೂ ಲೆಕ್ಕಕ್ಕೆ ಹಾಕಿದೆ. 27 ಸಲ ಚಿಮ್ಮಿದರೆ ಐದು ಅಥವಾ ಇನ್ನೂ ಕಡಿಮೆ ಸಲ ಮಾತ್ರ ನಮ್ಮ ಕಡೆ ಬೀಳುವ ಸಾಧ್ಯತೆ ಎಷ್ಟು? ಸಾವಿರಕ್ಕೆ ಒಂದೂ ಇಲ್ಲ.

ಆ ಹಾಳೆಯನ್ನು ತುಂಬಾ ಹೊತ್ತು ನೋಡುತ್ತಾ ಕೂತೆ. ಒಂದು ವರ್ಷದ ಸೋಲನ್ನು ಅದೃಷ್ಟದ ಮೇಲೆ ಹಾಕಬಹುದು. ಇದನ್ನು ಹಾಕಲು ಬರುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ಏನು ಮಾಡಬೇಕು, ಗಡಿಯಾರ ಹೇಗೆ ನೋಡಬೇಕು, ಮುಂದಿರುವಾಗ ಹೇಗೆ ಆಡಬೇಕು, ಇವೆಲ್ಲಾ ಕಲಿಸಬೇಕಾದ ವಿದ್ಯೆ. ನಮ್ಮ ಹುಡುಗರಿಗೆ ಐದನೇ ವರ್ಷದಲ್ಲೂ ಅದು ಬಂದಿರಲಿಲ್ಲ. ಹುಡುಗರು ದಡ್ಡರಾಗಿದ್ದರೆ ಪಂದ್ಯ ಅಷ್ಟು ಹತ್ತಿರಕ್ಕೂ ಬರುತ್ತಿರಲಿಲ್ಲ. ಕೋಚ್ ಬದಲಾಗಬೇಕೇ ಎಂದು ಕೇಳುವಾಗ ಎಷ್ಟು ಸೋತರು ಎಂದು ನೋಡುವುದಕ್ಕಿಂತ, ಅದೇ ಸೋಲನ್ನು ಎಷ್ಟು ಸಲ ಸೋತರು ಎಂದು ನೋಡಬೇಕು. 2003ರಲ್ಲಿ ಹಾಗೆ ಕೇಳಿದ್ದರೆ ಸೋಲಿಚ್ ಉಳಿಯುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ.

ಮಾರನೇ ದಿನ, ಭಾನುವಾರ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ ಟ್ರೆವ್ ಆಲ್ಬರ್ಟ್ಸ್ ಫ್ರಾಸ್ಟ್ ಅವರನ್ನು ತೆಗೆದ ತೀರ್ಮಾನ ತಿಳಿಸಿದರು. ಅಕ್ಟೋಬರ್‌ವರೆಗೆ ಕಾಯಲಿಲ್ಲ. ಆಲ್ಬರ್ಟ್ಸ್ ಕೂಡ ಇದೇ ತಂಡದಲ್ಲಿ ಆಡಿದವರು. ಮನೆಯವನನ್ನು ಮನೆಯವನೇ ಹೊರಗೆ ಕಳಿಸುವುದು ಎಷ್ಟು ಕಷ್ಟವಿರಬೇಕು! ಫ್ರಾಸ್ಟ್ ಲೆಕ್ಕ 16 ಗೆಲುವು, 31 ಸೋಲಿಗೆ ನಿಂತಿತು. ನನಗೆ ಖುಷಿಯಾಗಲಿಲ್ಲ. ಹೊಟ್ಟೆಯಲ್ಲಿ ಏನೋ ಕಳಚಿದ ಹಾಗಾಯಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಸಾಗರದಲ್ಲಿ ಆಗ ಬೆಳಗಿನ ಕಾಫಿ ಹೊತ್ತು. ಒಂದೂವರೆ ಕೋಟಿ ಡಾಲರ್ ಅಂದರೆ ಸುಮಾರು 120 ಕೋಟಿ ರೂಪಾಯಿ ಎಂದಾಗ ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. "ಇಪ್ಪತ್ತು ದಿನ ಕಾಯ್ಲಿಕ್ಕೆ ಆಗ್ಲಿಲ್ವೇನೋ? ಅರವತ್ತು ಕೋಟಿ ಉಳೀತಿತ್ತು." ಹಿಂದಿನ ದಿನ ನಾನು ಹೇಳಿದ್ದ ಮಾತೇ. ಆದರೆ ಈಗ ನನ್ನ ಬಾಯಲ್ಲಿ ಬೇರೆ ಉತ್ತರ ಬಂತು. ತೆಗೆಯುವುದು ಖಚಿತ ಎಂದು ಎಲ್ಲರಿಗೂ ಗೊತ್ತಿರುವ ಕೋಚ್ ಕೈಕೆಳಗೆ ಹುಡುಗರು ದಿನಾ ಬೆಳಿಗ್ಗೆ ಎದ್ದು ಮೈ ಮುರಿಯಬೇಕು. ಅವರ ಕೈಲಿರುವುದು ವರ್ಷಕ್ಕೆ ಹನ್ನೆರಡು ಪಂದ್ಯ. ಅದರಲ್ಲಿ ಒಂದನ್ನೂ ದುಡ್ಡು ಉಳಿಸಲು ಸವೆಸಬಾರದು ಅಂದೆ. ಅಪ್ಪ "ಹೂಂ" ಅಂದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಕೋಚ್ ಬದಲಾದ ತಕ್ಷಣ ಏನೂ ಸರಿಹೋಗಲಿಲ್ಲ. ಮುಂದಿನ ಶನಿವಾರ ಓಕ್ಲಹೋಮ ನಮ್ಮನ್ನು 49-14ಕ್ಕೆ ಸೋಲಿಸಿತು. ಹಂಗಾಮಿ ಕೋಚ್ ಜೊತೆ ಆ ವರ್ಷ ಕುಂಟುತ್ತಲೇ ನಡೆಯಿತು.

ನವೆಂಬರ್ 25ರ ಶುಕ್ರವಾರ, ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ಕೊನೆಯ ಪಂದ್ಯ. ಅಯೋವಾ ವಿರುದ್ಧ, ಅವರ ಮೈದಾನದಲ್ಲಿ. ಏಳು ವರ್ಷದಿಂದ ಅವರ ಮೇಲೆ ಗೆದ್ದಿರಲಿಲ್ಲ. ಅಜ್ಜಿಯ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಯಜಮಾನರು ಮಂಡಿ ಚಾಚಿಕೊಂಡು ಆರಾಮ ಕುರ್ಚಿಯಲ್ಲಿದ್ದರು. ನಾವು 24-0ಗೆ ಮುಂದೆ ಹೋದೆವು. ಆಮೇಲೆ ಅವರು ಅಂಕ ಗಳಿಸುತ್ತಾ ಬಂದರು. 24-7, 24-10, 24-17. ಯಾರೂ ಮಾತಾಡಲಿಲ್ಲ. ಈ ದಾರಿ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಸೋಫಾದ ಅಂಚಿಗೆ ಬಂದು, ನನ್ನ ಮಗಳ ಕೈ ಗಟ್ಟಿಯಾಗಿ ಹಿಡಿದು ಗಡಿಯಾರವನ್ನೇ ನೋಡುತ್ತಿದ್ದರು.

ಸಮಯ ಮುಗಿಯಿತು. 24-17, ಅಲ್ಲೇ ನಿಂತಿತು. ನಮ್ಮ ಹುಡುಗರು ಹೆಲ್ಮೆಟ್ ಎತ್ತಿ ಹಿಡಿದು ಮೈದಾನಕ್ಕೆ ಓಡಿದರು. ಅಜ್ಜಿ ನನ್ನ ಕಡೆ ತಿರುಗಿ ಏಳು ಬೆರಳು ತೋರಿಸಿದರು.