ಒಳಾಂಗಣ ಬ್ಯಾಡ್ಮಿಂಟನ್ ಛಾಯಾಗ್ರಹಣಕ್ಕೆ ಕ್ಯಾಮೆರಾ ಸೆಟ್ಟಿಂಗ್

ಒಳಾಂಗಣದಲ್ಲಿ ಬ್ಯಾಡ್ಮಿಂಟನ್ ಪಂದ್ಯವನ್ನು ಸೆರೆಹಿಡಿಯುವಾಗ ನಾನು ಮೊದಲು ನಿರ್ಧರಿಸುವುದು ಷಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು. ಉಳಿದೆಲ್ಲವೂ ಅದಕ್ಕೆ ಹೊಂದಿಕೊಳ್ಳಬೇಕು. ಸರ್ವ್ ಮಾಡಲು ನಿಂತ ಆಟಗಾರ್ತಿಗೆ 1/250 ಸೆಕೆಂಡ್ ಸಾಕಾದರೂ, ಆಕೆ ಜಿಗಿದು ಸ್ಮ್ಯಾಶ್ ಹೊಡೆಯುವಾಗ ಮಣಿಕಟ್ಟು ಮತ್ತು ರಾಕೆಟ್ ಸ್ಪಷ್ಟವಾಗಿ ಮೂಡಬೇಕೆಂದರೆ 1/1000 ಸೆಕೆಂಡಿಗಿಂತ ನಿಧಾನವಾಗಬಾರದು. ಫ್ಲ್ಯಾಶ್ ಆಟಗಾರರ ಕಣ್ಣು ಕುಕ್ಕುವುದರಿಂದ ಅದನ್ನು ಬಳಸುವಂತಿಲ್ಲ. ಹಾಗಾಗಿ ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾ ಎಷ್ಟು ಸಂವೇದಿ ಎಂದು ತಿಳಿಸುವ ಐಎಸ್‌ಒವನ್ನು 3200 ಅಥವಾ 6400ಕ್ಕೆ ಏರಿಸುವುದು ಅನಿವಾರ್ಯ. ಇದರಿಂದ ಚಿತ್ರದಲ್ಲಿ ಮೂಡುವ ಕಾಳುಕಾಳಾದ ಚುಕ್ಕೆಗಳನ್ನು, ಅಂದರೆ ನಾಯ್ಸನ್ನು, ಆಮೇಲೆ ತಗ್ಗಿಸಬಹುದು, ಕದಡಿದ ಮುಖವನ್ನು ಸರಿಪಡಿಸಲಾಗದು. ದುಬಾರಿ ಎಫ್/2.8 ಜೂಮ್ ಕೊಳ್ಳಲಾಗದವರಿಗೆ 85 ಎಂಎಂ ಎಫ್/1.8 ಲೆನ್ಸ್ ಉತ್ತಮ ಆಯ್ಕೆ, ಏಕೆಂದರೆ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದಾಗುವುದರಿಂದ ಅದು ಆ ಜೂಮಿಗಿಂತ ಸುಮಾರು 2.4 ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ.

ಹೆಚ್ಚಿನವರು ಗಮನಿಸದಿರುವುದು ದೀಪಗಳ ಮಿನುಗನ್ನು. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿರುವುದರಿಂದ, ಹಳೆಯ ಟ್ಯೂಬ್‌ಲೈಟ್ ಮತ್ತು ಮೆಟಲ್ ಹ್ಯಾಲೈಡ್ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕಣ್ಣಿಗೆ ಇದು ತಿಳಿಯುವುದಿಲ್ಲ. ಆದರೆ 1/1000ರಲ್ಲಿ ಸತತವಾಗಿ ಕ್ಲಿಕ್ಕಿಸಿದಾಗ ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಮಂಕಾಗಿ ಹಳದಿಗೆ ತಿರುಗಿ, ಒಂದೇ ರ‍್ಯಾಲಿಯ ಚಿತ್ರಗಳು ಬೇರೆ ಬೇರೆ ಸಭಾಂಗಣಗಳವೆಂಬಂತೆ ತೋರುತ್ತವೆ. ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ ಸೌಲಭ್ಯವಿದ್ದರೆ ತಪ್ಪದೆ ಚಾಲೂ ಮಾಡಿ. ಬೆಳಕು ಗರಿಷ್ಠವಾಗಿರುವ ಘಳಿಗೆಗೆ ಅದು ಷಟರನ್ನು ಹೊಂದಿಸುತ್ತದೆ. ಅದಿಲ್ಲದಿದ್ದರೆ ರಾ ಕಡತದಲ್ಲಿ (ಸೆನ್ಸರಿನ ಮೂಲ ಮಾಹಿತಿಯನ್ನು ಉಳಿಸಿಕೊಳ್ಳುವ ಕಡತ) ಚಿತ್ರೀಕರಿಸಿ, ಒಂದೊಂದರ ಬಣ್ಣವನ್ನೂ ತಾಳ್ಮೆಯಿಂದ ತಿದ್ದಬೇಕಾಗುತ್ತದೆ.

ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಮ್ಯಾನುಯಲ್‌ನಲ್ಲೇ ಇಡುವುದು ಲೇಸು. ಆಟೊಗೆ ಬಿಟ್ಟರೆ, ಹಿನ್ನೆಲೆಯಲ್ಲಿ ಬಿಳಿ ಜಾಹೀರಾತು ಫಲಕ ಬಂದೊಡನೆ ಆಟಗಾರ್ತಿಯ ಮುಖ ಕಪ್ಪಾಗುತ್ತದೆ.